ಸ್ಲಾವಿಕ್ ಭಾಷೆಗಳ ಒಂದು ಪದದ ಜಾಡು ಹಿಡಿಯುವ ಕ್ರಮ

ಗದಗ ಸೀಮೆಯ ಹಳಗನ್ನಡ ಶಾಸನಗಳನ್ನು ಓದುವವರಿಗೆ 'ಪಳ್ಳಿ' ಎಂಬುದು 'ಹಳ್ಳಿ' ಆದ ಬಗೆ ತಿಳಿದಿರುತ್ತದೆ. ರಷ್ಯನ್, ಪೋಲಿಷ್, ಚೆಕ್ ಮೊದಲಾದ ಸ್ಲಾವಿಕ್ ಬಳಗದ ಭಾಷೆಗಳ ಪದವೊಂದರ ಮೂಲ ಹುಡುಕಲು ಅದೇ ತಿಳಿವಳಿಕೆ ಸಾಕಷ್ಟು ನೆರವಾಗುತ್ತದೆ.

ಮೊದಲು ರೂಪಗಳನ್ನು ಅರ್ಥಸಹಿತ ಒಂದೆಡೆ ಬರೆದುಕೊಳ್ಳಬೇಕು. ರಷ್ಯನ್ನಿನ 'ಗೊರೊದ್', ಸರ್ಬಿಯನ್ ಮತ್ತು ಬಲ್ಗೇರಿಯನ್ನಿನ 'ಗ್ರಾದ್' ಎಂದರೆ ನಗರ; ಚೆಕ್‌ನ 'ಹ್ರಾದ್' ಎಂದರೆ ಕೋಟೆ; ಪೋಲಿಷ್‌ನಲ್ಲಿ 'ಗ್ರುದ್' ಹಿಂದಿನ ಕಾಲದ ಕೋಟೆಯೂರು, 'ಒಗ್ರುದ್' ತೋಟ. ಉಕ್ರೇನಿಯನ್ನರಿಗಂತೂ 'ಹೊರೊದ್' ಎಂದರೆ ಕಾಯಿಪಲ್ಲೆಯ ತೋಟ.

ಅನಂತರ ಧ್ವನಿವ್ಯತ್ಯಾಸ ನಿಯಮಬದ್ಧವೇ ಎಂಬುದನ್ನು ಇನ್ನೊಂದು ಪದದಿಂದ ಪರೀಕ್ಷಿಸಬೇಕು, ಏಕೆಂದರೆ ಬರೀ ಹೋಲಿಕೆಯನ್ನು ನಂಬಿದವರು ದಾರಿ ತಪ್ಪುವುದೇ ಹೆಚ್ಚು. ಆಕಳಿಗೆ ರಷ್ಯನ್ನಿನಲ್ಲಿ 'ಕೊರೊವಾ', ಪೋಲಿಷ್‌ನಲ್ಲಿ 'ಕ್ರೊವಾ', ಬಲ್ಗೇರಿಯನ್ನಿನಲ್ಲಿ 'ಕ್ರಾವಾ' ಎನ್ನುತ್ತಾರೆ. 'ಒರೊ' ಮತ್ತು 'ರಾ' ಇಲ್ಲಿಯೂ ಅದೇ ಜಾಗದಲ್ಲಿ ನಿಂತಿವೆ. ಚೆಕ್ ಮತ್ತು ಉಕ್ರೇನಿಯನ್ನಿನಲ್ಲಿ ಗಕಾರ ಹಕಾರವಾದದ್ದು ಆಮೇಲಿನ ಬದಲಾವಣೆ.

ಹಾಗಾದರೆ 'ಲೆನಿನ್‌ಗ್ರಾದ್' ಎಂಬ ರಷ್ಯನ್ ಹೆಸರಿನಲ್ಲಿ 'ಗ್ರಾದ್' ಏಕಿದೆ? ಅದು ಚರ್ಚಿನ ಹಳೆಯ ಸ್ಲಾವೊನಿಕ್ ಭಾಷೆಯಿಂದ ಬಂದ ಎರವಲು ರೂಪ. 'ನೊವ್‌ಗೊರೊದ್' (ಹೊಸ ನಗರ) ಎಂಬಲ್ಲಿರುವುದು ಅಚ್ಚ ರಷ್ಯನ್ ರೂಪ. ಇಂಥ ಎರವಲುಗಳನ್ನು ಬೇರೆ ಇಡದಿದ್ದರೆ ಪಟ್ಟಿ ಕೆಡುತ್ತದೆ.

ಕೊನೆಗೆ ಅರ್ಥಗಳನ್ನು ಜೋಡಿಸಬೇಕು. ಬೇಲಿ ಹಾಕಿದ ಜಾಗ ಎಂಬ ಮೂಲಾರ್ಥವನ್ನು ಇಟ್ಟುಕೊಂಡರೆ ತೋಟ, ಕೋಟೆ, ನಗರ ಮೂರೂ ಸಹಜವಾಗಿ ಹೊಂದುತ್ತವೆ. ತೋಟವೆಂಬ ಅರ್ಥದ ಜರ್ಮನ್ 'ಗಾರ್ಟನ್' ಕೂಡ ಇದೇ ಬಳಗದ್ದು. ಮ್ಯಾಕ್ಸ್ ಫಾಸ್ಮರ್ ಅವರ ರಷ್ಯನ್ ನಿರುಕ್ತಕೋಶವನ್ನು (ಪದಗಳ ಮೂಲ ತಿಳಿಸುವ ನಿಘಂಟನ್ನು) ಈ ಹಂತದಲ್ಲಿ ತೆರೆಯುವುದು ಒಳ್ಳೆಯದು, ಅದಕ್ಕೂ ಮೊದಲಲ್ಲ.