ಹಾರುಬೆಕ್ಕು ನೋಡಬೇಕಾದರೆ ಸಂಜೆಯೇ ಹೋಗಿ ಕೂರಿ

ನಮ್ಮ ಶಿರಸಿ ಕಡೆ ಹಾರುಬೆಕ್ಕು ಅನ್ನುವುದು ಬೆಕ್ಕಲ್ಲ, ದೈತ್ಯ ಹಾರುವ ಅಳಿಲು. ಇದನ್ನು ನೋಡಬೇಕೆಂದು ಹೆಚ್ಚಿನವರು ರಾತ್ರಿ ಊಟ ಮುಗಿಸಿ ಬ್ಯಾಟರಿ ಹಿಡಿದು ಬೆಟ್ಟ ಹತ್ತುತ್ತಾರೆ. ಅಷ್ಟೊತ್ತಿಗೆ ಅದು ಗೂಡು ಬಿಟ್ಟು ಎಲ್ಲಿಗೋ ಹೋಗಿರುತ್ತದೆ. ನಾನೂ ಎರಡು ವರ್ಷ ಹಾಗೇ ಅಲೆದೆ.

ಮೊದಲು ಹಗಲಲ್ಲಿ ಪೊಟರೆ ಹುಡುಕಿ. ಹಳೇ ಮಾವು, ಮತ್ತಿ, ಹಲಸಿನ ಮರದ ಎತ್ತರದಲ್ಲಿ, ಕೊಂಬೆ ಮುರಿದು ಟೊಳ್ಳಾದ ಜಾಗ ನೋಡಿ. ಹತ್ತಿರದಲ್ಲಿ ಅತ್ತಿ, ಬಸರಿ ಮರವಿದ್ದರೆ ಇನ್ನೂ ಒಳ್ಳೆಯದು, ಆ ಹಣ್ಣೆಂದರೆ ಇದಕ್ಕೆ ಬಲು ಇಷ್ಟ. ಎಲೆ, ಚಿಗುರು, ತೊಗಟೆಯನ್ನೂ ತಿನ್ನುತ್ತದೆ. ಮರದಡಿ ಅಗಿದು ಉಗಿದ ನಾರಿನ ಉಂಡೆ ಕಂಡರೆ ಅದು ಬಾವಲಿಯ ಕೆಲಸ, ಮೋಸ ಹೋಗಬೇಡಿ.

ಸೂರ್ಯ ಮುಳುಗುವ ಮೊದಲೇ ಹೋಗಿ, ಪೊಟರೆಯ ಹಿಂದೆ ಆಕಾಶ ಕಾಣುವಂತೆ ಕೂರಿ. ಕತ್ತಲಾದ ಮೇಲೂ ಆಕೃತಿ ಕಾಣುತ್ತದೆ. ಮಾತು ಬೇಡ. ಬ್ಯಾಟರಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ. ಬಿಳಿ ಬೆಳಕನ್ನು ನೇರ ಕಣ್ಣಿಗೆ ಬಿಟ್ಟರೆ ಅಲ್ಲೇ ಅಂಟಿಕೊಂಡು ಕೂರುತ್ತದೆ, ಹೊಟ್ಟೆಗಿಲ್ಲದೆ.

ನಮ್ಮ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಮತ್ತಿ ಮರದಲ್ಲಿ ಮೊದಲು ತಲೆ ಮಾತ್ರ ಹೊರಬಂತು. ಸುಮಾರು ಹೊತ್ತು ಪೊಟರೆಯ ಬಾಯಲ್ಲೇ ಕೂತಿತ್ತು. ಆಮೇಲೆ ಇಡೀ ಮೈ, ಅದಕ್ಕಿಂತ ಉದ್ದದ ಪೊದೆಬಾಲ. ಮರದ ತುದಿಗೆ ಏರಿ ನೆಗೆಯಿತು. ಮುಂಗಾಲು ಹಿಂಗಾಲುಗಳ ನಡುವಿನ ಚರ್ಮ ಚಾದರದಂತೆ ಹರಡಿಕೊಂಡಿತು. ರೆಕ್ಕೆ ಬಡಿತವಿಲ್ಲ, ಸದ್ದಿಲ್ಲ, ಜಾರಿಬಂದಂತೆ ಬಂತು. ಎದುರಿನ ಮರ ಮುಟ್ಟುವ ಮುಂಚೆ ಮೈಯನ್ನು ಮೇಲಕ್ಕೆತ್ತಿ ವೇಗ ತಗ್ಗಿಸಿಕೊಂಡಿತು. ಟಪ್ ಎಂದು ಕಾಂಡಕ್ಕೆ ಅಂಟಿದ್ದೇ ತಡ, ಮರದ ಆಚೆ ಬದಿಗೆ ಓಡಿತು. ಗೂಬೆ ಹಿಂಬಾಲಿಸಿದ್ದರೆ ಅಲ್ಲಿ ಅದಕ್ಕೆ ಸಿಗುತ್ತಿರಲಿಲ್ಲ. ಹಾಗಾಗಿ ಅದು ಇಳಿದ ಜಾಗವನ್ನೇ ದಿಟ್ಟಿಸಬೇಡಿ, ಕಣ್ಣನ್ನು ಕಾಂಡದ ಮೇಲ್ಭಾಗಕ್ಕೆ ಒಯ್ಯಿರಿ. ಮತ್ತೆ ಎತ್ತರಕ್ಕೆ ಹತ್ತಿಯೇ ಮುಂದಿನ ಜಿಗಿತ.

ಸಾಮಾನ್ಯವಾಗಿ ಒಂದೇ ಮರಿ ಹಾಕುವ ಪ್ರಾಣಿ ಇದು. ಪೊಟರೆಗೆ ಕೋಲು ಹಾಕುವುದು, ಹೊಗೆ ಹಾಕುವುದು ಖಂಡಿತ ಬೇಡ. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದಕ್ಕಿದೆ. ಟೊಳ್ಳು ಮರ ಸೌದೆಗಾದೀತು ಎಂದು ಕಡಿಯುವ ಮುನ್ನ ಒಂದು ಸಂಜೆ ಅದರ ಬುಡದಲ್ಲಿ ಕೂತು ನೋಡಿ.

ಅದು ಎರಡನೇ ಮರದಿಂದಲೂ ಹಾರಿಹೋದ ಮೇಲೆ ಎದ್ದು ಬನ್ನಿ. ಬರುವಾಗ ದಾರಿಗೆ ಬಿಳಿ ಬೆಳಕು ಹಾಕಿಕೊಳ್ಳಿ, ಹಾವಿರುತ್ತದೆ.