ಕೋಜೆನ್‌ನ 45ರ ಲೆಕ್ಕ: ನಾವು ಮಾಡಿಕೊಂಡ ವ್ಯವಸ್ಥೆ

ಸಕ್ಕರೆ ಕಾರ್ಖಾನೆಗಳ ಬಗ್ಯಾಸ್ ಕೋಜೆನ್‌ಗೆ, ಅಂದರೆ ಕಬ್ಬಿನ ಸಿಪ್ಪೆ ಸುಟ್ಟು ವಿದ್ಯುತ್ತು ಮತ್ತು ಸಕ್ಕರೆ ತಯಾರಿಕೆಗೆ ಬೇಕಾದ ಉಗಿ ಎರಡನ್ನೂ ತೆಗೆಯುವುದಕ್ಕೆ, ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 2018ರಲ್ಲಿ ಮೆಗಾವ್ಯಾಟಿಗೆ 25 ಲಕ್ಷ ರೂಪಾಯಿ ಸಹಾಯಧನದ ಯೋಜನೆ ತಂದಿತು. ಟರ್ಬೈನಿನ ನೇಮ್‌ಪ್ಲೇಟ್ ನೋಡಿ ಕೊಡುತ್ತಿದ್ದ ಹಣವಲ್ಲ ಅದು. ಸ್ವಂತ ಬಳಕೆ ಕಳೆದು ಗ್ರಿಡ್ಡಿಗೆ ಎಷ್ಟು ಕೊಡಬಲ್ಲಿರಿ ಅನ್ನುವುದರ ಮೇಲೆ, ಅದೂ ಘಟಕ ಚಾಲೂ ಆದಮೇಲೆ, ನೇರ ಸಾಲದ ಖಾತೆಗೆ. ಹಾಗಾಗಿ ಬೆಳಗಾವಿ ಕಡೆಯ ನಮ್ಮ ಕಾರ್ಖಾನೆಯ ಸಭೆಗಳಲ್ಲಿ ಎಲ್ಲರ ಬಾಯಲ್ಲೂ ಮೆಗಾವ್ಯಾಟು. ಕೋಜೆನ್ ವಿಭಾಗ ನೋಡಿಕೊಳ್ಳುತ್ತಿದ್ದ ನನಗೆ ಚಿಂತೆ ಇದ್ದದ್ದು ಕೋಜೆನ್ ಎನ್ನಿಸಿಕೊಳ್ಳಲು ದಾಟಬೇಕಾದ ಶೇ. 45ರದ್ದು.

ಆ ಅಂಕಿ ಹಳೆಯದು. ವಿದ್ಯುತ್ ಸಚಿವಾಲಯದ 1996ರ ನವೆಂಬರ್ ನಿರ್ಣಯದಲ್ಲಿದ್ದ ಅಳತೆಯನ್ನೇ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2009ರ ದರ ನಿಯಮಾವಳಿಯಲ್ಲೂ ಇಟ್ಟುಕೊಂಡಿತು. ಕಬ್ಬು ಅರೆಯುವ ಹಂಗಾಮಿನಲ್ಲಿ ಉತ್ಪಾದಿಸಿದ ವಿದ್ಯುತ್ತು, ಜೊತೆಗೆ ಪ್ರೋಸೆಸ್‌ಗೆ (ಸಕ್ಕರೆ ತಯಾರಿಕೆಗೆ) ಕೊಟ್ಟ ಶಾಖದ ಅರ್ಧ, ಎರಡೂ ಸೇರಿ ಇಂಧನ ಕೊಟ್ಟ ಶಕ್ತಿಯ ಶೇ. 45 ದಾಟಬೇಕು. ದಾಟದಿದ್ದರೆ ಅದು ಕೋಜೆನ್ ಅಲ್ಲ, ಬಗ್ಯಾಸ್ ಸುಡುವ ಪವರ್ ಪ್ಲಾಂಟ್ ಅಷ್ಟೆ. ವಿದ್ಯುತ್ತಿನ ಭಾಗಕ್ಕೆ ತಕರಾರಿಲ್ಲ. ಜನರೇಟರಿನ ಒಟ್ಟು ಯೂನಿಟ್ ಹಿಡಿದರೆ ಸಾಕು, ಫ್ಯಾನು, ಫೀಡ್ ಪಂಪಿನ ಬಳಕೆ ಕಳೆಯಬೇಕಿಲ್ಲ ಎಂದು ನಿಯಮವೇ ಹೇಳುತ್ತದೆ.

ಕಷ್ಟ ಇರುವುದು ಇಂಧನದ ಲೆಕ್ಕದಲ್ಲಿ. ನಮ್ಮದರಂತೆ ದಿನಕ್ಕೆ 5000 ಟನ್ ಕಬ್ಬು ಅರೆಯುವ ಕಾರ್ಖಾನೆ, 67 ಅಟಾ ಒತ್ತಡದ, ತಾಸಿಗೆ 120 ಟನ್ ಉಗಿಯ ಬಾಯ್ಲರ್ ಅಂದುಕೊಳ್ಳಿ. ತಾಸಿಗೆ ಸುಮಾರು 55 ಟನ್ ಬಗ್ಯಾಸ್ ಉರಿಯುತ್ತದೆ. ಕೆಜಿಗೆ 2250 ಕಿಲೋಕ್ಯಾಲೊರಿ ಹಿಡಿದರೆ 124 ಗಿಗಾಕ್ಯಾಲೊರಿ. 23 ಮೆಗಾವ್ಯಾಟ್ ಅಂದರೆ 20 ಗಿಗಾಕ್ಯಾಲೊರಿ. ಪ್ರೋಸೆಸ್‌ಗೆ ಹೋಗುವ 90 ಟನ್ ಉಗಿಯ ಶಾಖ, ಉಗಿ ತಣಿದು ನೀರಾಗಿ ಮರಳುವ ಕಂಡೆನ್ಸೇಟಿನದ್ದು ಕಳೆದು, 50. ಅದರಲ್ಲಿ ಅರ್ಧ 25. ಒಟ್ಟು 45 ಗಿಗಾಕ್ಯಾಲೊರಿ, ಅಂದರೆ ಬರೀ ಶೇ. 36. ಆದರೆ ನಿಯಮದಲ್ಲಿರುವುದು ಇಂಧನದ ಉಪಯುಕ್ತ ಶಕ್ತಿ. ಅರ್ಧ ತೂಕ ನೀರೇ ಇರುವ ಬಗ್ಯಾಸ್ ಸುಡುವಾಗ ಬಾಯ್ಲರ್ ದಕ್ಷತೆ ಶೇ. 70ರ ಆಸುಪಾಸು. ಆ ನಷ್ಟ ಕಳೆದರೆ ಅದೇ ಘಟಕ ಶೇ. 51 ದಾಟುತ್ತದೆ. ಯಾವ ಆಧಾರದ ಮೇಲೆ ಲೆಕ್ಕ ಕಟ್ಟಿದ್ದೇವೆ ಎಂದು ಮೊದಲ ಪುಟದಲ್ಲೇ ಬರೆದು, ಅರ್ಜಿ ಹೋಗುವ ಮೊದಲೇ ಪರಿಶೀಲಿಸುವವರ ಸಹಿ ತೆಗೆದುಕೊಂಡೆ. ಪರಿಶೀಲನೆಗೆ ಬಂದ ದಿನ ಈ ಚರ್ಚೆ ಶುರುವಾಗಬಾರದು.

ಬಗ್ಯಾಸಿನ ತೂಕಕ್ಕೆ ಬೆಲ್ಟಿಗೆ ಕೂಡಿಸಿದ ತೂಕದ ಯಂತ್ರದ ಮೇಲೆ ಪೂರ್ತಿ ಭರವಸೆ ಇಡಲಿಲ್ಲ. ಕಬ್ಬು ಮತ್ತು ಹಾಕಿದ ನೀರಿನ ತೂಕದಿಂದ ಮಿಶ್ರ ರಸದ ತೂಕ ಕಳೆದರೆ ಉಳಿಯುವುದು ಬಗ್ಯಾಸ್. ಲ್ಯಾಬಿನವರು ದಿನಾ ಮಾಡುವ ಲೆಕ್ಕವೇ. ಎರಡನ್ನೂ ಪಕ್ಕಪಕ್ಕ ಇಟ್ಟೆವು. ಟರ್ಬೈನ್ ಬಿಟ್ಟು, ಒತ್ತಡ ಮತ್ತು ಬಿಸಿ ಇಳಿಸಿ ನೇರ ಪ್ರೋಸೆಸ್‌ಗೆ ಕಳಿಸುವ ಪಿಆರ್‌ಡಿಎಸ್ ಮೂಲಕ ಹೋಗುವ ಉಗಿಗೆ ಬೇರೆಯೇ ಮೀಟರ್ ಹಾಕಿಸಿದೆ. ಟರ್ಬೈನ್ ದಾಟದ ಉಗಿಯನ್ನು ಕೋಜೆನ್ ಖಾತೆಗೆ ಸೇರಿಸುವುದು ನನಗೆ ಸರಿ ಅನ್ನಿಸಲಿಲ್ಲ.

ನಿಜವಾದ ಜಗಳ ಶುರುವಾದದ್ದು ರಸ ಕುದಿಸಿ ಗಟ್ಟಿ ಮಾಡುವ ಹೊಸ ಇವಾಪರೇಟರ್ ಬಂದಮೇಲೆ. ಕಬ್ಬಿನ ಶೇ. 43ರಷ್ಟಿದ್ದ ಉಗಿ ಬಳಕೆ 38ಕ್ಕೆ ಇಳಿಯಿತು. ಅಂದರೆ ತಾಸಿಗೆ ಸುಮಾರು 10 ಟನ್ ಉಳಿತಾಯ. ಅಷ್ಟನ್ನೂ ಟರ್ಬೈನಿನಲ್ಲಿ ಕೊನೆವರೆಗೆ ಓಡಿಸಿ, ಉಗಿಯನ್ನು ತಣಿಸಿ ನೀರಾಗಿಸುವ ಕಂಡೆನ್ಸರಿಗೆ ಬಿಟ್ಟರೆ ಇನ್ನೊಂದು ಮೆಗಾವ್ಯಾಟ್ ಬರುತ್ತದೆ, ಎಲ್ಲರಿಗೂ ಬೇಕಿದ್ದದ್ದು ಅದೇ. ಆದರೆ ಪ್ರೋಸೆಸ್‌ಗೆ ಹೋದ ಒಂದು ಕೆಜಿ ಉಗಿ ಅರ್ಧ ಲೆಕ್ಕದಲ್ಲೂ 277 ಕಿಲೋಕ್ಯಾಲೊರಿ ತರುತ್ತಿತ್ತು; ಅದೇ ಉಗಿ ಕಂಡೆನ್ಸರ್ ಕಡೆ ಹೋದರೆ ವಿದ್ಯುತ್ತಾಗಿ ಸಿಗುವುದು ನೂರರ ಆಸುಪಾಸು, ಮಿಕ್ಕದ್ದು ಕೂಲಿಂಗ್ ಟವರಿನಿಂದ ಗಾಳಿಗೆ. 51 ದಾಟಿದ್ದ ನಮ್ಮ ಅಂಕಿ 50ರ ಕೆಳಗೆ ಬರುತ್ತಿತ್ತು. ಹಸಿ ಬಗ್ಯಾಸ್, ಅರ್ಧಂಬರ್ಧ ಲೋಡಿನ ದಿನಗಳಲ್ಲಿ ಅದು ಇನ್ನೂ ಕುಸಿಯುತ್ತದೆ. ‘ಉಗಿ ಉಳಿಸಿದ್ರೂ ಬೈತೀರೇನ್ರೀ ಸಾಹೇಬ್ರ?’ ಅಂದರು ಚೀಫ್ ಕೆಮಿಸ್ಟ್. ಅವರ ಪ್ರಶ್ನೆ ನ್ಯಾಯವಾದದ್ದೇ. ಈ ಸೂತ್ರ ಉಗಿ ದುಂದು ಮಾಡುವ ಕಾರ್ಖಾನೆಗೆ ಹೆಚ್ಚು ಅಂಕ ಕೊಡುತ್ತದೆ, ನನಗಂತೂ ಇದು ನಿಯಮದ ದೋಷ.

ನಾವು ಮಾಡಿದ್ದು ಇಷ್ಟು. ಉಳಿದ ಉಗಿಯನ್ನು ಕಂಡೆನ್ಸರಿಗೆ ಬಿಡದೆ, ಹಂಗಾಮಿನಲ್ಲಿ ಬಾಯ್ಲರನ್ನೇ 110 ಟನ್ನಿಗೆ ಇಳಿಸಿ, ತಾಸಿಗೆ ನಾಲ್ಕೂವರೆ ಟನ್ ಬಗ್ಯಾಸ್ ಯಾರ್ಡಿಗೆ ಕಳಿಸಿದೆವು. ವಿದ್ಯುತ್ತು ಇಳಿದರೂ ಇಂಧನವೂ ಇಳಿದದ್ದರಿಂದ ಅಂಕಿ 51ರಲ್ಲೇ ನಿಂತಿತು. 45ರ ಷರತ್ತು ಹಂಗಾಮಿಗೆ ಮಾತ್ರ. ಅರೆಯುವುದು ನಿಂತಮೇಲೆ ಆ ಬಗ್ಯಾಸನ್ನು ಪೂರ್ತಿ ಕಂಡೆನ್ಸಿಂಗ್‌ನಲ್ಲಿ ಸುಟ್ಟರೆ ಬಿಟ್ಟುಕೊಟ್ಟ ಯೂನಿಟ್ಟುಗಳು ಹೆಚ್ಚುಕಡಿಮೆ ಮರಳಿ ಬರುತ್ತವೆ. ಕಡಿಮೆಯಾಗುವುದು ಯಾರ್ಡಿನಲ್ಲಿ ಕೊಳೆತು, ಗಾಳಿಗೆ ಹಾರಿ ಹೋದಷ್ಟು. ಅದಕ್ಕೆ ಬಣವೆಗಳ ನಡುವೆ ದಾರಿ ಬಿಟ್ಟು, ಹೈಡ್ರಂಟ್ ಎಳೆಸಿ, ಹಳೆಯದನ್ನು ಮೊದಲು ಸುಡುವ ಹಾಗೆ ದಿನಾಂಕದ ಬೋರ್ಡು ನೆಡಿಸಿದೆವು. ಪಿಪಿಎಯಲ್ಲಿ (ವಿದ್ಯುತ್ ಖರೀದಿ ಒಪ್ಪಂದದಲ್ಲಿ) ಹಂಗಾಮು ಮುಗಿದ ನಂತರದ ವಿದ್ಯುತ್ತಿಗೂ ಖರೀದಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ಬಗ್ಯಾಸನ್ನು ಕಾಗದದ ಗಿರಣಿಗೆ ಮಾರುವುದೇ ಲೇಸು.