ಅನುಮತಿ ಇಲ್ಲ, ಸರಿ, ಆದರೆ ಯಾರಿಗೆ?

ವೆಬ್ ಸರ್ವರ್‌ನಲ್ಲಿ ಸ್ಕ್ರಿಪ್ಟ್ (ಸಣ್ಣ ಕಾರ್ಯಕ್ರಮ) ಹಟ ಹಿಡಿದು ಕುಳಿತಾಗ ನಾನು ಮೊದಲು ಕಲಿತ ಮದ್ದು 777, ಲಿನಕ್ಸ್‌ನಲ್ಲಿ ಫೈಲಿನ ಅನುಮತಿಯನ್ನು ಸೂಚಿಸುವ ಅಂಕಿ. ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅನುಮತಿ ಸಾಲದು ಎಂದು ಸರ್ವರ್ ಗೊಣಗಿದರೆ ಎಲ್ಲರಿಗೂ ಎಲ್ಲ ಅನುಮತಿಯನ್ನೂ ಕೊಟ್ಟುಬಿಟ್ಟರಾಯಿತು, ಅದರಾಚೆಗೆ ಯೋಚಿಸುವುದೇನಿದೆ ಎಂದುಕೊಂಡಿದ್ದೆ. ಆ ಮದ್ದೇ ರೋಗಿಯನ್ನು ಮಲಗಿಸಿದ ಮೇಲೆ ಬುದ್ಧಿ ಬಂತು.

ಅದು ಪರ್ಲ್ ಭಾಷೆಯಲ್ಲಿ ಬರೆದ ಪುಟ್ಟ ಸಿಜಿಐ ಸ್ಕ್ರಿಪ್ಟ್, ಅಂದರೆ ಪುಟ ಕೇಳಿದಾಗ ವೆಬ್ ಸರ್ವರ್ ಓಡಿಸುವ ಪ್ರತ್ಯೇಕ ಕಾರ್ಯಕ್ರಮ. ಫಾರ್ಮ್‌ನಲ್ಲಿ ಜನ ತುಂಬಿದ್ದನ್ನು ಒಂದು ಡೇಟಾ ಫೈಲಿನ ಕೊನೆಗೆ ಸೇರಿಸುವುದಷ್ಟೇ ಅದರ ಕೆಲಸ. ಪುಟ ಚೆನ್ನಾಗಿಯೇ ತೆರೆಯುತ್ತಿತ್ತು. ಕಳುಹಿಸುವ ಗುಂಡಿ ಒತ್ತಿದರೆ ಮಾತ್ರ ದೋಷ, ಲಾಗ್‌ನಲ್ಲಿ (ಸರ್ವರ್ ಬರೆದಿಡುವ ದಿನಚರಿಯಲ್ಲಿ) 'ಪರ್ಮಿಷನ್ ಡಿನೈಡ್', ಅಂದರೆ ಅನುಮತಿ ಇಲ್ಲ. ಹಿಂದುಮುಂದು ನೋಡದೆ ಇಡೀ ಫೋಲ್ಡರನ್ನು, ಒಳಗಿದ್ದ ಎಲ್ಲದರ ಸಮೇತ, 777 ಮಾಡಿದೆ. ಆಮೇಲೆ ಪುಟವೂ ತೆರೆಯಲಿಲ್ಲ. ಬಂದದ್ದು 500 ದೋಷ, ಸರ್ವರ್ ಒಳಗೇ ಏನೋ ಕೆಟ್ಟಿದೆ ಎಂಬ ಸಂಕೇತ. ಅರ್ಧ ಓಡುತ್ತಿದ್ದುದು ಪೂರ್ತಿ ನಿಂತಿತ್ತು.

ಆ ಸರ್ವರ್‌ನಲ್ಲಿ ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶದ ಸುಎಕ್ಸೆಕ್ ಚಾಲನೆಯಲ್ಲಿತ್ತು. ಅದಕ್ಕೆ ತನ್ನದೇ ಲಾಗ್ ಇರುತ್ತದೆ ಎಂಬುದು ನನಗೆ ಗೊತ್ತಾದದ್ದೇ ಅಂದು. ತೆರೆದು ನೋಡಿದರೆ ಒಂದೇ ಸಾಲು: ಈ ಡೈರೆಕ್ಟರಿಗೆ (ಫೋಲ್ಡರಿಗೆ) ಬೇರೆಯವರೂ ಬರೆಯಬಹುದಾಗಿದೆ. ಸುಎಕ್ಸೆಕ್ ಪ್ರತಿ ಸ್ಕ್ರಿಪ್ಟನ್ನೂ ನಿಗದಿಯಾದ ಬಳಕೆದಾರನ ಹೆಸರಿನಲ್ಲಿ ಓಡಿಸುತ್ತದೆ, ಓಡಿಸುವ ಮುನ್ನ ಉದ್ದನೆಯ ತಪಾಸಣೆಯನ್ನೂ ಮಾಡುತ್ತದೆ. ಸ್ಕ್ರಿಪ್ಟ್ ಇರುವ ಫೋಲ್ಡರಿಗಾಗಲಿ ಸ್ಕ್ರಿಪ್ಟ್ ಫೈಲಿಗಾಗಲಿ ಒಡೆಯನಲ್ಲದವರು ಬರೆಯಲು ಸಾಧ್ಯವಿದ್ದರೆ ಅದನ್ನು ಮುಟ್ಟುವುದೇ ಇಲ್ಲ. ಯಾರು ಬೇಕಾದರೂ ತಿದ್ದಬಹುದಾದ ಕಾರ್ಯಕ್ರಮವನ್ನು ನಿಮ್ಮ ಹೆಸರಿನಲ್ಲಿ ಓಡಿಸಲು ಒಪ್ಪದಿರುವುದು ನ್ಯಾಯವೇ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನು ನಾನು.

ನಿಜವಾದ ಕಾರಣವೋ, ನಾಚಿಕೆಯಾಗುವಷ್ಟು ಸಣ್ಣದು. ಖಾಲಿ ಡೇಟಾ ಫೈಲನ್ನು ರಚಿಸುವಾಗ ಅಭ್ಯಾಸಬಲದಿಂದ ಆಜ್ಞೆಯ ಮುಂದೆ ಸುಡೊ (ಬೇರೆ ಬಳಕೆದಾರನಾಗಿ, ಸಾಮಾನ್ಯವಾಗಿ ರೂಟ್ ಆಗಿ, ಓಡಿಸು ಎಂಬ ಪದ) ಸೇರಿಸಿದ್ದೆ. ಹಾಗಾಗಿ ಅದರ ಒಡೆಯ ರೂಟ್ ಎಂಬ ಸರ್ವಾಧಿಕಾರಿ ಬಳಕೆದಾರ, ಸ್ಕ್ರಿಪ್ಟ್ ಓಡುತ್ತಿದ್ದುದು ನನ್ನ ಹೆಸರಿನಲ್ಲಿ. ಸಿಎಚ್‌ಓನ್ ಆಜ್ಞೆಯಿಂದ ಒಡೆತನ ಬದಲಿಸಿದ್ದರೆ ಅರ್ಧ ನಿಮಿಷದ ಕೆಲಸ. 777ರ ಕಸ ಗುಡಿಸಲು ಮಾತ್ರ ಹೆಚ್ಚು ಹೊತ್ತು ಹಿಡಿಯಿತು. ಫೋಲ್ಡರುಗಳಿಗೆ 755, ಸಾಮಾನ್ಯ ಫೈಲುಗಳಿಗೆ 644, ಸಿಜಿಐ ಸ್ಕ್ರಿಪ್ಟುಗಳಿಗೆ ಮತ್ತೆ 755 ಎಂದು (ಈ ಅಂಕಿಗಳ ಅರ್ಥ ಮುಂದೆ ಹೇಳುತ್ತೇನೆ) ಫೈಂಡ್ ಆಜ್ಞೆ ಹಿಡಿದು ಒಂದೊಂದು ಬಗೆಯನ್ನೂ ಬೇರೆ ಮಾಡಬೇಕಾಯಿತು. 777ರ ಆ ಒಂದೇ ಆಜ್ಞೆ ಹಿಂದಿನ ಅನುಮತಿಗಳನ್ನೆಲ್ಲ ಅಳಿಸಿ ಹಾಕಿತ್ತು. ಯಾವುದಕ್ಕೆ ಏನಿತ್ತು ಎಂಬ ದಾಖಲೆ ಎಲ್ಲಿಯೂ ಇರಲಿಲ್ಲ.

ಅಂದಿನಿಂದ ಅಂಕಿಯನ್ನು ಕೊನೆಗೆ ನೋಡುತ್ತೇನೆ. ಬಾಗಿಲು ತಟ್ಟುತ್ತಿರುವವರು ಯಾರು ಎಂಬುದು ಮೊದಲು. ಓದಲು 4, ಬರೆಯಲು 2, ಚಲಾಯಿಸಲು 1, ಮೂರೂ ಕೂಡಿದರೆ 7. ಒಡೆಯ, ಗುಂಪು, ಉಳಿದವರು ಎಂದು ಮೂರು ಮನೆ, ಮನೆಗೊಂದು ಅಂಕಿ. ಇಷ್ಟು ಎಲ್ಲರಿಗೂ ಬಾಯಿಪಾಠ. ಆದರೆ ಸ್ಕ್ರಿಪ್ಟ್ ಈ ಮೂರು ಮನೆಗಳಲ್ಲಿ ಯಾವುದಕ್ಕೆ ಸೇರಿದೆ ಎಂಬುದನ್ನು ಊಹಿಸುವವರೇ ಹೆಚ್ಚು. ಡೆಬಿಯನ್ ಮತ್ತು ಉಬುಂಟು ಎಂಬ ಲಿನಕ್ಸ್ ಬಗೆಗಳಲ್ಲಿ ಅಪಾಚೆ 'ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ' ಎಂಬ ಬಳಕೆದಾರನಾಗಿ ಓಡುತ್ತದೆ, ಫೆಡೋರಾ ಬಳಗದಲ್ಲಿ 'ಅಪಾಚೆ' ಎಂಬ ಹೆಸರಿನಲ್ಲಿ. (ಮೊದಲನೆಯ ಹೆಸರನ್ನು ಪದೇ ಪದೇ ಬರೆಯುವ ತಾಳ್ಮೆ ನನಗಿಲ್ಲ, ಇನ್ನು ಮುಂದೆ 'ವೆಬ್ ಬಳಕೆದಾರ' ಎನ್ನುತ್ತೇನೆ.) ಪಿಎಚ್‌ಪಿ ಭಾಷೆಯ ಸ್ಕ್ರಿಪ್ಟುಗಳನ್ನು ಪ್ರತ್ಯೇಕವಾಗಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂ ಇದ್ದರೆ ಸರ್ವರ್ ಒಬ್ಬ, ಸ್ಕ್ರಿಪ್ಟ್ ಓಡಿಸುವವನು ಇನ್ನೊಬ್ಬ, ಅದರ ಪೂಲ್‌ನ (ಓಡಿಸುವ ಪ್ರಕ್ರಿಯೆಗಳ ತಂಡದ) ಸಂರಚನಾ ಫೈಲಿನಲ್ಲಿ ಯಾರ ಹೆಸರಿದೆಯೋ ಅವನೇ ಲೆಕ್ಕಕ್ಕೆ ಬರುವವನು. ಹಾಗಾಗಿ ನಾನು ಸರ್ವರನ್ನೇ ಕೇಳುತ್ತೇನೆ. ಐಡಿ ಆಜ್ಞೆಯ ಉತ್ತರವನ್ನು ಮುದ್ರಿಸುವ ಒಂದು ಸಾಲಿನ ಸ್ಕ್ರಿಪ್ಟನ್ನು ಅದೇ ಫೋಲ್ಡರಿನಲ್ಲಿ ಇಟ್ಟು, ಬ್ರೌಸರ್‌ನಲ್ಲಿ ತೆರೆದು, ಬಳಕೆದಾರ ಮತ್ತು ಗುಂಪುಗಳ ಹೆಸರನ್ನು ಬರೆದುಕೊಂಡು, ತಕ್ಷಣ ಅಳಿಸುತ್ತೇನೆ. ಅಳಿಸುವುದನ್ನು ಮರೆಯಬಾರದು.

ಅನುಮತಿಯ ಲೆಕ್ಕದಲ್ಲಿ ಇನ್ನೊಂದು ವಿಚಿತ್ರವಿದೆ. ಮೂರು ಮನೆಗಳನ್ನು ಒಟ್ಟುಗೂಡಿಸಿ ನೋಡುವುದಿಲ್ಲ. ಮೊದಲು ಹೊಂದಿದ ಮನೆಯಲ್ಲೇ ತೀರ್ಮಾನ. 604 ಇರುವ ಫೈಲನ್ನು ದಾರಿಹೋಕನೂ ಓದಬಹುದು, ಅದರ ಗುಂಪಿನ ಸದಸ್ಯ ಓದಲಾರ. ಗುಂಪಿಗೆ ಸೇರಿಸಿದ ಮೇಲೆಯೇ ಸ್ಕ್ರಿಪ್ಟ್ ಕೆಟ್ಟಿತು ಎಂದು ಒಮ್ಮೆ ಸಹೋದ್ಯೋಗಿಯೊಬ್ಬರು ಹೇಳಿದಾಗ ನಾನು ನಂಬಿರಲಿಲ್ಲ. ಅವರು ಹೇಳಿದ್ದೇ ಸರಿ.

ಹಾಗೆಯೇ, ಚಲಾಯಿಸುವ ಬಿಟ್ (ಆ 1ರ ಅನುಮತಿ) ಎಲ್ಲ ಸ್ಕ್ರಿಪ್ಟಿಗೂ ಬೇಕಿಲ್ಲ. ಪಿಎಚ್‌ಪಿ ಫೈಲನ್ನು ಪಿಎಚ್‌ಪಿ ಓದಿದರೆ ಸಾಕು, 644 ಧಾರಾಳ. ಸಿಜಿಐ ಆಗಿ ಓಡುವ ಪರ್ಲ್ ಅಥವಾ ಪೈಥಾನ್ ಸ್ಕ್ರಿಪ್ಟಿಗೆ ಓದುವ ಅನುಮತಿಯ ಜೊತೆಗೆ ಚಲಾಯಿಸುವ ಅನುಮತಿಯೂ ಬೇಕು.

ದಾರಿಯ ಸಮಸ್ಯೆ ನನ್ನನ್ನು ಹೆಚ್ಚು ಬಾರಿ ಕಾಡಿದೆ. ಫೈಲಿಗೆ 644 ಇದೆ, ಫೋಲ್ಡರಿಗೆ 755 ಇದೆ, ಆದರೂ 403, ಅಂದರೆ ಪ್ರವೇಶವಿಲ್ಲ. ಸ್ಕ್ರಿಪ್ಟನ್ನು ನನ್ನ ಹೋಮ್ ಡೈರೆಕ್ಟರಿಯೊಳಗೆ (ಬಳಕೆದಾರನ ಸ್ವಂತ ಫೋಲ್ಡರಿನೊಳಗೆ) ಇಟ್ಟಿದ್ದೆ. ಉಬುಂಟು 21.04ರಿಂದ ಹೊಸ ಬಳಕೆದಾರರ ಹೋಮ್ ಡೈರೆಕ್ಟರಿ 750 ಆಗಿಯೇ ಹುಟ್ಟುತ್ತದೆ; ಮೊದಲು 755 ಇರುತ್ತಿತ್ತು. ಹಳೆಯ ಸರ್ವರ್‌ನಲ್ಲಿ ವರ್ಷಗಟ್ಟಲೆ ನಡೆದ ವ್ಯವಸ್ಥೆ ಹೊಸದರಲ್ಲಿ ಮೊದಲ ದಿನವೇ ನಿಂತದ್ದು ಇದಕ್ಕೇ. ಡೈರೆಕ್ಟರಿಯ ಮಟ್ಟಿಗೆ ಚಲಾಯಿಸುವ ಬಿಟ್ ಎಂದರೆ ಒಳಗೆ ಹಾದುಹೋಗುವ ಹಕ್ಕು. ಬೇರಿನಿಂದ (ಎಲ್ಲಕ್ಕೂ ಮೇಲಿನ ಡೈರೆಕ್ಟರಿಯಿಂದ) ಫೈಲಿನವರೆಗೆ ಪ್ರತಿ ಹೊಸ್ತಿಲಲ್ಲೂ ಅದು ಬೇಕು, ಒಂದರಲ್ಲಿ ತಪ್ಪಿದರೂ ಮುಗಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರಲ್ಲ, ಹಾಗೆ. ಅಪಾಚೆ ಇದನ್ನು ಲಾಗ್‌ನಲ್ಲಿ ನೇರವಾಗಿಯೇ ಹೇಳುತ್ತದೆ: ದಾರಿಯ ಒಂದು ಭಾಗದಲ್ಲಿ ಹುಡುಕುವ ಅನುಮತಿ ಇಲ್ಲ. ಯಾವ ಭಾಗ ಎಂದು ಮಾತ್ರ ಹೇಳುವುದಿಲ್ಲ. ಅದಕ್ಕೆ ನೇಮ್-ಐ ಎಂಬ ಆಜ್ಞೆ ಇದೆ. ಎಲ್ ಆಯ್ಕೆಯೊಂದಿಗೆ ಪೂರ್ತಿ ದಾರಿಯನ್ನು ಕೊಟ್ಟರೆ ಒಂದೊಂದು ಮೆಟ್ಟಿಲಿನ ಅನುಮತಿ, ಒಡೆಯ, ಗುಂಪು ಸಾಲಾಗಿ ಕಾಣುತ್ತವೆ. ನನ್ನ ಮಟ್ಟಿಗೆ ಈ ಕೆಲಸದ ಅತ್ಯಂತ ಉಪಯುಕ್ತ ಆಜ್ಞೆ ಅದೇ, ಗೊತ್ತಿರುವವರು ಮಾತ್ರ ಕಡಿಮೆ. ಇದು ತಿಳಿಯುವ ಮೊದಲು ನಾನು ಮಾಡುತ್ತಿದ್ದುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ: ಮೇಲಿನ ಫೋಲ್ಡರ್ ಮುಚ್ಚಿದ್ದರೆ ಕೆಳಗಿನ ಫೈಲಿನ ಅಂಕಿ ತಿದ್ದುವುದು.

ಆ ಸ್ಕ್ರಿಪ್ಟನ್ನು ಕೊನೆಗೆ ಹೋಮ್‌ನಿಂದ ಹೊರಗೇ ತಂದೆ. ವೆಬ್‌ಗಾಗಿ ಹೋಮ್ ಡೈರೆಕ್ಟರಿಯನ್ನು ಊರಿಗೆಲ್ಲ ತೆರೆದಿಡುವುದು ನನಗೆ ಸರಿ ಕಾಣಲಿಲ್ಲ.

ಅನುಮತಿಯ ವೇಷ ಹಾಕಿಕೊಂಡು ಬರುವ ಬೇರೆ ಕಾಯಿಲೆಗಳೂ ಇವೆ. ವಿಂಡೋಸ್‌ನಲ್ಲಿ ಉಳಿಸಿದ ಪರ್ಲ್ ಫೈಲಿನ ಮೊದಲ ಸಾಲಿನ (ಪರ್ಲ್ ಎಲ್ಲಿದೆ ಎಂದು ಹೇಳುವ ಸಾಲು ಅದು) ತುದಿಯಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಉಳಿದಿರುತ್ತದೆ. ಸರ್ವರ್ ಆ ಅಕ್ಷರವನ್ನೂ ಸೇರಿಸಿಕೊಂಡು ಪರ್ಲನ್ನು ಹುಡುಕಿ, ಅಂಥ ಫೈಲೇ ಇಲ್ಲ ಎನ್ನುತ್ತದೆ. ಕಣ್ಣೆದುರಿಗೇ ಇರುವ ಸ್ಕ್ರಿಪ್ಟನ್ನು ಇಲ್ಲ ಎನ್ನುತ್ತಿದೆಯಲ್ಲ ಎಂದು ನಾವು ಅನುಮತಿ ಬದಲಿಸುತ್ತಾ ಕೂರುತ್ತೇವೆ. ಲಾಗ್‌ನಲ್ಲಿ ಆವರಣದೊಳಗಿನ ಸಂಖ್ಯೆ 13 ಇದ್ದರೆ ಅನುಮತಿಯ ವಿಷಯ, 2 ಇದ್ದರೆ ಬೇರೆ ವಿಷಯ. ನಾನು ಈಗ ಸಂದೇಶಕ್ಕಿಂತ ಮೊದಲು ಆ ಸಂಖ್ಯೆಯನ್ನೇ ಓದುತ್ತೇನೆ. ಇನ್ನು, ಸ್ಕ್ರಿಪ್ಟ್ ಟಿಎಂಪಿ (ತಾತ್ಕಾಲಿಕ ಫೈಲುಗಳ) ಫೋಲ್ಡರಿನಲ್ಲಿ ಬರೆದ ಫೈಲ್ ನಿಮಗೆ ಕಾಣದಿದ್ದರೆ ಅದು ಬರೆದೇ ಇಲ್ಲ ಎಂದು ತೀರ್ಮಾನಿಸಬೇಡಿ. ಸೇವೆಗಳನ್ನು ಶುರು ಮಾಡಿ ನಡೆಸುವ ಸಿಸ್ಟಂಡಿ ಎಷ್ಟೋ ಕಡೆ ಅಪಾಚೆಗೆ ಪ್ರತ್ಯೇಕವಾದ ಖಾಸಗಿ ಟಿಎಂಪಿಯನ್ನು ಕೊಟ್ಟಿರುತ್ತದೆ.

ಎಸ್‌ಇ-ಲಿನಕ್ಸ್ (ಈ ಅಂಕಿಗಳ ಮೇಲೆ ಇನ್ನೊಂದು ಪದರದ ಕಾವಲು) ಇರುವ ಯಂತ್ರದಲ್ಲಿ ಮಾತ್ರ 13 ಎಂಬ ಸಂಖ್ಯೆಯೂ ದಾರಿ ತಪ್ಪಿಸುತ್ತದೆ. ಹೋಮ್‌ನಲ್ಲಿ ಇಳಿಸಿಕೊಂಡ ಫೈಲುಗಳನ್ನು ಎಂವಿ ಆಜ್ಞೆಯಿಂದ ವೆಬ್ ಫೋಲ್ಡರಿಗೆ ಸಾಗಿಸಿದ್ದೆ. ಒಡೆಯ ಸರಿ, ಅಂಕಿ ಸರಿ, ದಾರಿ ಸರಿ. ಲಾಗ್ ಮಾತ್ರ ಫೈಲಿನ ಅನುಮತಿಯೇ ಅಡ್ಡ ಬರುತ್ತಿದೆ ಎಂದು ಸಾಧಿಸುತ್ತಿತ್ತು. ಎಲ್‌ಎಸ್ ಆಜ್ಞೆಗೆ ದೊಡ್ಡ ಜ಼ೆಡ್ ಸೇರಿಸಿ ನೋಡಿದಾಗ ಫೈಲುಗಳ ಮೇಲೆ ಇನ್ನೂ ಹೋಮ್ ಡೈರೆಕ್ಟರಿಯ ಚೀಟಿ (ಆ ಕಾವಲು ನೋಡುವ ಗುರುತು) ಅಂಟಿಕೊಂಡಿತ್ತು. ಎಂವಿ ಹಳೆಯ ಚೀಟಿಯನ್ನು ಹಾಗೆಯೇ ಹೊತ್ತು ತರುತ್ತದೆ. ನಕಲು ಮಾಡಿದ್ದರೆ ಹೊಸ ಜಾಗದ ಚೀಟಿ ತಾನಾಗಿ ಬರುತ್ತಿತ್ತು. ಚೀಟಿಯನ್ನು ಜಾಗಕ್ಕೆ ತಕ್ಕಂತೆ ತಿದ್ದುವ ರಿಸ್ಟೋರ್‌ಕಾನ್ ಓಡಿಸಿದೆ, ಸರಿಹೋಯಿತು. ಇಂಥ ಕಡೆ ಎಸ್‌ಇ-ಲಿನಕ್ಸನ್ನೇ ಆರಿಸಿಬಿಡಿ ಎನ್ನುವ ಸಲಹೆ ನನ್ನ ಹಳೆಯ 777ರ ದೊಡ್ಡಣ್ಣ.

ಎರಡು ಇಡೀ ದಿನ ತಿಂದದ್ದು ಗುಂಪು. ಅಪ್‌ಲೋಡ್ ಫೋಲ್ಡರಿಗೆ ನಾವೂ ಬರೆಯಬೇಕು, ಸ್ಕ್ರಿಪ್ಟೂ ಬರೆಯಬೇಕು. ಒಂದು ಗುಂಪು ಮಾಡಿ, ಫೋಲ್ಡರಿಗೆ 2775 ಕೊಟ್ಟೆ. ಮುಂದಿನ ಆ 2 ಇದ್ದರೆ ಒಳಗೆ ಹುಟ್ಟುವ ಹೊಸ ಫೈಲುಗಳೂ ಅದೇ ಗುಂಪಿಗೆ ಸೇರುತ್ತವೆ. ಯೂಸರ್‌ಮಾಡ್‌ನಿಂದ ವೆಬ್ ಬಳಕೆದಾರನನ್ನು ಗುಂಪಿಗೆ ಸೇರಿಸಿದೆ. ಸುಡೊ ಮೂಲಕ ವೆಬ್ ಬಳಕೆದಾರನಾಗಿ ಒಂದು ಫೈಲ್ ರಚಿಸಿ ನೋಡಿದೆ, ಸಲೀಸಾಗಿ ಬಂತು. ಬ್ರೌಸರ್‌ನಿಂದ ಅಪ್‌ಲೋಡ್ ಮಾಡಿದರೆ ಅದೇ 'ಪರ್ಮಿಷನ್ ಡಿನೈಡ್'. ಅದೇ ಬಳಕೆದಾರ, ಅದೇ ಫೋಲ್ಡರ್, ಉತ್ತರ ಎರಡು. ಆ ಹೊತ್ತಿಗೆ ಐಡಿ ಮುದ್ರಿಸುವ ಸ್ಕ್ರಿಪ್ಟ್ ನೆನಪಾಗಲಿಲ್ಲವಲ್ಲ ಎಂದು ಈಗಲೂ ಬೇಸರವಿದೆ. ನೆನಪಾದದ್ದು ಎರಡನೆಯ ದಿನದ ಸಂಜೆ. ಓಡಿಸಿದರೆ ಹೊಸ ಗುಂಪಿನ ಹೆಸರೇ ಅದರಲ್ಲಿರಲಿಲ್ಲ. ಒಂದು ಪ್ರಕ್ರಿಯೆಯ ಗುಂಪುಗಳು ಅದು ಶುರುವಾಗುವಾಗಲೇ ಗೊತ್ತಾಗಿಬಿಟ್ಟಿರುತ್ತವೆ. ಸುಡೊ ಹೊಸದಾಗಿ ಗುಂಪುಗಳನ್ನು ಓದಿಕೊಂಡಿತ್ತು, ತಿಂಗಳ ಹಿಂದೆ ಶುರುವಾಗಿದ್ದ ಅಪಾಚೆಗೆ ಸುದ್ದಿಯೇ ಮುಟ್ಟಿರಲಿಲ್ಲ. ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿದೆ, ಅಷ್ಟೇ.

ಇನ್ನು ಸೋಮವಾರದ ಕಥೆ.

ಒಂದು ಪಿಎಚ್‌ಪಿ ಫಾರ್ಮ್ ವಾರವಿಡೀ ನಡೆದು ಸೋಮವಾರ ಬೆಳಿಗ್ಗೆ ಸತ್ತಿರುತ್ತಿತ್ತು. ಅದಕ್ಕೊಂದು ತನ್ನದೇ ಲಾಗ್ ಫೈಲ್. ಅದಕ್ಕೆ ಬರೆಯಲಾಗದಿದ್ದರೆ ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲುವಂತೆ ಬರೆದವನು ನಾನೇ. ನೋಡಿದರೆ ಆ ಫೈಲಿನ ಒಡೆಯ ರೂಟ್. ಮೊದಲ ವಾರ ಒಡೆತನ ಬದಲಿಸಿದೆ. ಎರಡನೆಯ ವಾರವೂ ಬದಲಿಸಿದೆ. ಮೂರನೆಯ ವಾರ ಸಿಟ್ಟು ಬಂದು, ಕಲಿತದ್ದನ್ನೆಲ್ಲ ಮರೆತು, ಲಾಗ್ ಫೋಲ್ಡರನ್ನು ಒಳಗಿನದರ ಸಮೇತ 777 ಮಾಡಿದೆ. ನಾಲ್ಕನೆಯ ಸೋಮವಾರ ಏನೂ ಆಗಲಿಲ್ಲ. ಐದನೆಯದೂ ಹಾಗೆಯೇ. ಸರಿಹೋಯಿತು ಎಂದು ಕೈ ತೊಳೆದುಕೊಂಡೆ.

ಕೆಲವು ತಿಂಗಳ ಮೇಲೆ ಡಿಸ್ಕ್ ತುಂಬಿತು. ತುಂಬಿದ್ದು ಅದೇ ಲಾಗ್ ಫೈಲ್. ಫೋಲ್ಡರಿಗೆ ಯಾರು ಬೇಕಾದರೂ ಬರೆಯಬಹುದಾಗಿದ್ದರೆ ಲಾಗ್‌ರೊಟೇಟ್ ಅಲ್ಲಿನ ಲಾಗನ್ನು ತಿರುಗಿಸಲು, ಅಂದರೆ ಹಳೆಯದನ್ನು ಪಕ್ಕಕ್ಕಿಟ್ಟು ಹೊಸದನ್ನು ಶುರು ಮಾಡುವ ತನ್ನ ಕೆಲಸಕ್ಕೆ, ಒಪ್ಪುವುದಿಲ್ಲ. ಡೈರೆಕ್ಟರಿಯ ಅನುಮತಿ ಸುರಕ್ಷಿತವಲ್ಲ ಎಂದು ದೋಷ ಬರೆದು ಮುಂದಕ್ಕೆ ಹೋಗುತ್ತದೆ. ತಿರುಗಿಸದಿದ್ದುದರಿಂದಲೇ ಹೊಸ ಫೈಲ್ ಹುಟ್ಟಲಿಲ್ಲ, ಹೊಸ ಫೈಲ್ ಹುಟ್ಟದಿದ್ದುದರಿಂದಲೇ ಫಾರ್ಮ್ ಕೆಡಲಿಲ್ಲ. ನಾನು ಗುಣಪಡಿಸಿದ್ದೆ ಎಂದುಕೊಂಡದ್ದು ಇದನ್ನು! ಫೋಲ್ಡರನ್ನು ಮತ್ತೆ 755ಕ್ಕೆ ಇಳಿಸಿದೆ, ಮುಂದಿನ ಸೋಮವಾರ ಕಾಯಿಲೆ ಮರಳಿತು. ಬೆಳಿಗ್ಗೆ ಆರಕ್ಕೆ ಎದ್ದು ಒಡೆತನ ಸರಿಪಡಿಸಲೆಂದು ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಂಡೆ. ಎರಡು ವಾರ ಹಾಗೆಯೇ ನಡೆಯಿತು.

ಆ ಫೈಲನ್ನು ಪ್ರತಿ ವಾರ ಹೊಸದಾಗಿ ಹುಟ್ಟಿಸುತ್ತಿರುವವರು ಯಾರು ಎಂದು ಕೇಳಿಕೊಂಡದ್ದು ಆಮೇಲೆ. ಲಾಗ್‌ರೊಟೇಟ್‌ನ ಸಂರಚನೆಯನ್ನು ನಾನು ಅಪಾಚೆಯದ್ದರಿಂದ ನಕಲು ಮಾಡಿ, ದಿನಕ್ಕೊಮ್ಮೆ ಎಂದಿದ್ದುದನ್ನು ವಾರಕ್ಕೊಮ್ಮೆ ಎಂದು ತಿದ್ದಿದ್ದೆ. ಅದರೊಳಗೆ ಒಂದು ಸಾಲು: ಹೊಸ ಫೈಲನ್ನು 640 ಆಗಿ, ಒಡೆಯ ರೂಟ್, ಗುಂಪು ಎಡಿಎಂ ಎಂದು ರಚಿಸು. ಅಪಾಚೆಗೆ ಅದು ಸರಿಯೇ, ಏಕೆಂದರೆ ಅಪಾಚೆಯ ತಾಯಿ ಪ್ರಕ್ರಿಯೆ ರೂಟ್ ಆಗಿ ಶುರುವಾಗಿ ತನ್ನ ಲಾಗುಗಳನ್ನು ತಾನೇ ತೆರೆಯುತ್ತದೆ. ನನ್ನ ಸ್ಕ್ರಿಪ್ಟ್ ತನ್ನ ಲಾಗನ್ನು ವೆಬ್ ಬಳಕೆದಾರನಾಗಿಯೇ ತೆರೆಯಬೇಕು.

ಆ ಸಾಲಿನಲ್ಲಿ ರೂಟ್ ಎಂದಿದ್ದಲ್ಲಿ ವೆಬ್ ಬಳಕೆದಾರನ ಹೆಸರು ಬರೆದೆ. ಸೋಮವಾರಕ್ಕೆ ಕಾಯದೆ, ಬಲವಂತದ ಆಯ್ಕೆ ಕೊಟ್ಟು ಲಾಗ್‌ರೊಟೇಟನ್ನು ಕೈಯಾರೆ ಓಡಿಸಿದೆ. ಹೊಸ ಫೈಲ್ 640 ಆಗಿ, ಸರಿಯಾದ ಒಡೆಯನೊಂದಿಗೆ ಹುಟ್ಟಿತ್ತು. ಫಾರ್ಮ್ ತುಂಬಿ ಕಳುಹಿಸಿದೆ, ಲಾಗ್‌ನಲ್ಲಿ ಮೊದಲ ಸಾಲು ಬಿತ್ತು. ಆಮೇಲೆ ಮೊಬೈಲ್ ತೆಗೆದು ಅಲಾರಂ ಅಳಿಸಿದೆ.